ರಾಜೀವಪ್ಪ ಈಗ ಬೋರ್‌ವೆಲ್ ಕೊರೆಸಿದ್ದರೆ?



ಇವತ್ತು ರಾಜಕೀಯ ಬೇಡ. ದಿನಾ ಇದ್ದದ್ದೇ ಅದು. ಇವತ್ತು ಸಿನಿಮಾ ಬಗ್ಗೆ ಮಾತಾಡೋಣ. ಸಿನಿಮಾ ಅಂದ ತಕ್ಷಣ ಯಾವ ಹೀರೋ, ಎಷ್ಟು ಕೋಟಿ, ಎಷ್ಟು ಥಿಯೇಟರ್ ಅಂತ ಕೇಳಬೇಡಿ. ಇದು ಒಂದು ಟೀ ಅಂಗಡಿಯಲ್ಲಿ ಹುಟ್ಟಿದ ಪ್ರಶ್ನೆ. ಆದರೆ ಟೀ ಅಂಗಡಿಯಲ್ಲೇ ಬಿಟ್ಟು ಬರುವಂಥ ಪ್ರಶ್ನೆ ಅಲ್ಲ.

2024ರ ಆಗಸ್ಟ್ 16ಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರಕಟವಾಯಿತು. ಕಾಂತಾರಕ್ಕೆ ರಿಷಬ್ ಶೆಟ್ಟಿಯವರು ಅತ್ಯುತ್ತಮ ನಟ. ನಮ್ಮ ನ್ಯೂಸ್ ರೂಮಿನಲ್ಲಿ ಹಬ್ಬ. ಇಡೀ ದಿನ ಅದೇ ಸುದ್ದಿ, ಅದೇ ದೃಶ್ಯ, ಅದೇ ಹಾಡು. ಸಂತೋಷಪಡಬೇಕಾದ ವಿಷಯವೇ, ಪಟ್ಟೆವು. ಅದಾದ ಕೆಲವು ದಿನಕ್ಕೆ ನಾನು ಒಂದು ಕಾರ್ಯಕ್ರಮಕ್ಕೆ ಅಂತ ಮಧುಗಿರಿಗೆ ಹೋಗಿದ್ದೆ. ಕೊರಟಗೆರೆ ದಾಟಿ ಮುಂದೆ ಹೋದರೆ ದೂರದಿಂದಲೇ ಆ ಏಕಶಿಲಾ ಬೆಟ್ಟ ಕಾಣುತ್ತಲ್ಲ, ಅದನ್ನ ನೋಡ್ತಾ ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡಿಯೋಕೆ ನಿಂತೆ. ಟಿ.ವಿ.ಯಲ್ಲಿ ಬರೋ ಮುಖ ನೋಡಿ. ನಾಲ್ಕು ಜನ ಸೇರಿದರು. ಒಬ್ಬರು ಸೆಲ್ಫಿ ಅಂದರು, ಇನ್ನೊಬ್ಬರು ರಸ್ತೆ ಗುಂಡಿ ಬಗ್ಗೆ ಒಂದು ಸ್ಟೋರಿ ಮಾಡಿ ಅಂದರು. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು, ಹೆಗಲ ಮೇಲೆ ಟವೆಲ್, ಪಾವಗಡದ ಕಡೆಯವರಂತೆ, ಅವರು ಮಾತ್ರ ಸುಮ್ಮನೆ ನೋಡ್ತಾ ಇದ್ದರು. ಕೊನೆಗೆ ಕೇಳಿದರು.

"ಸಾ, ನೀವು ಕಾಂತಾರ ಕಾಂತಾರ ಅಂತ ಮೂರು ದಿನ ತೋರಿಸಿದ್ರಿ. ಚೆನ್ನಾಗೈತೆ, ನಾನೂ ನೋಡಿವ್ನಿ. ಒಂದು ಮಾತು ಕೇಳ್ತೀನಿ. ಬಂಗಾರದ ಮನುಷ್ಯ ತೆಗೆದೋರು ನಮ್ಮ ಶಿರಾದೋರು. ಅದನ್ನೇ ಈಗ ಇನ್ನೊಬ್ರು ತೆಗೆದ್ರೆ ರಾಜೀವಪ್ಪ ಏನಾಗಿರ್ತಿದ್ದ? ಸಾವಿರ ಅಡಿ ಬೋರು ಕೊರ್ಸಿ, ನೀರು ಬರ್ದೆ, ಸಾಲಗಾರ ಆಗಿರ್ತಿರ್ಲಿಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕಾರು ಹತ್ತಿದ ಮೇಲೆ ಆ ಪ್ರಶ್ನೆ ನನ್ನ ಜೊತೆಯಲ್ಲೇ ಬೆಂಗಳೂರಿನ ತನಕ ಬಂತು.

ಮೊದಲು ಆ ಯಜಮಾನರು ಹೇಳಿದ್ದು ಎಷ್ಟು ಸರಿ ನೋಡಿ. ಬಂಗಾರದ ಮನುಷ್ಯ 1972ರ ಚಿತ್ರ. ಕಾದಂಬರಿ ಟಿ.ಕೆ. ರಾಮರಾವ್ ಅವರದು. ನಿರ್ದೇಶಕ ಸಿದ್ದಲಿಂಗಯ್ಯ. ಅವರ ಊರು ಶಿರಾ ತಾಲ್ಲೂಕಿನ ತರೂರು. ಬಯಲುಸೀಮೆಯ ಮನುಷ್ಯ. ಮಳೆ ಕಾಯೋದು ಅಂದರೇನು ಅಂತ ಗೊತ್ತಿದ್ದ ಮನುಷ್ಯ. ಅದಕ್ಕೇ ಡಾ. ರಾಜ್‌ಕುಮಾರ್ ಅವರ ರಾಜೀವ ಬಂಡೆ ಒಡೆದು, ಬರಡು ನೆಲವನ್ನ ಹಸನು ಮಾಡುವಾಗ ನಮ್ಮ ಮೈ ಜುಮ್ಮೆನ್ನುತ್ತೆ. ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ವಾಪಸ್ ಹೋದ ಯುವಕರ ಕಥೆಗಳನ್ನ ನಿಮ್ಮ ಮನೆಯ ಹಿರಿಯರು ಈಗಲೂ ಹೇಳ್ತಾರೆ. ಒಂದು ಸಿನಿಮಾ ಇಷ್ಟು ಮಾಡಿದ್ದು ಕನ್ನಡದಲ್ಲಿ ಬೇರೆ ಉಂಟಾ?

ಈಗ ಪ್ರಶ್ನೆಗೆ ಬರೋಣ. ಒಂದೇ ಕಥೆ, ಬೇರೆ ನಿರ್ದೇಶಕ. ಏನಾಗುತ್ತೆ?

ಇದು ಬರೀ ಕಲ್ಪನೆಯ ಆಟ ಅಂತ ತಿಳ್ಕೋಬೇಡಿ. ನಮ್ಮಲ್ಲೇ ನಿಜವಾಗಿ ನಡೆದಿದೆ. ತುಮಕೂರು ಜಿಲ್ಲೆಯಿಂದಲೇ ಶುರು ಮಾಡ್ತೀನಿ. ಗುಬ್ಬಿ ಕಂಪನಿಯ ನಾಟಕವಾಗಿದ್ದ ಬೇಡರ ಕಣ್ಣಪ್ಪ 1954ರಲ್ಲಿ ಚಿತ್ರವಾಯಿತು. ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಮುತ್ತುರಾಜ ಎಂಬ ಹುಡುಗ ರಾಜ್‌ಕುಮಾರ್ ಆದದ್ದು ಅಲ್ಲೇ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅದಕ್ಕೆ ಮೆರಿಟ್ ಪ್ರಮಾಣಪತ್ರ ಬಂತು. ಅದೇ ಕಥೆಯನ್ನ ಅದೇ ಸಿಂಹ ಅವರು ತೆಲುಗಿನಲ್ಲಿ ಕಾಳಹಸ್ತಿ ಮಹಾತ್ಮ್ಯಂ ಅಂತ ಮಾಡಿದರು, ರಾಜ್‌ಕುಮಾರ್ ಅವರನ್ನೇ ಹಾಕಿಕೊಂಡು. 1976ರಲ್ಲಿ ಬಾಪು ಅವರು ಕೃಷ್ಣಂರಾಜು ಅವರನ್ನಿಟ್ಟುಕೊಂಡು ಭಕ್ತ ಕಣ್ಣಪ್ಪ ಮಾಡಿದರು. ಬಾಪು ಚಿತ್ರಕಾರರೂ ಹೌದು, ಅವರ ಚೌಕಟ್ಟೇ ಬೇರೆ. 1988ರಲ್ಲಿ ವಿಜಯ್ ನಿರ್ದೇಶನದಲ್ಲಿ ಶಿವ ಮೆಚ್ಚಿದ ಕಣ್ಣಪ್ಪ ಬಂತು. ಆಗ ಕಣ್ಣಪ್ಪ ಶಿವರಾಜ್‌ಕುಮಾರ್, ಶಿವನಾಗಿ ಬಂದವರು ರಾಜ್‌ಕುಮಾರ್! ಅಪ್ಪ ಕಣ್ಣು ಕಿತ್ತು ಕೊಟ್ಟಿದ್ದನ್ನ ನೋಡಿದ ಪ್ರೇಕ್ಷಕ, ಮಗ ಕಣ್ಣು ಕಿತ್ತು ಅಪ್ಪನಿಗೇ ಕೊಡೋದನ್ನ ನೋಡಿದ. ಕಥೆ ಒಂದೇ. ನೋಡುವವನ ಮನಸ್ಸಿನಲ್ಲಿ ಆದದ್ದು ಒಂದೇನಾ? ಅಲ್ಲ.

ಇನ್ನೊಂದು ಉದಾಹರಣೆ. ನಾಗರಹಾವು, ಅದೂ 1972. ಪುಟ್ಟಣ್ಣ ಕಣಗಾಲ್. ಚಿತ್ರದುರ್ಗದ ಕೋಟೆ, ರಾಮಾಚಾರಿ, ಚಾಮಯ್ಯ ಮೇಷ್ಟ್ರು. ವಿಷ್ಣುವರ್ಧನ್ ರಾತ್ರೋರಾತ್ರಿ ಸ್ಟಾರ್. ಎರಡೇ ವರ್ಷಕ್ಕೆ ಅದೇ ಪುಟ್ಟಣ್ಣ ಅದನ್ನ ಹಿಂದಿಯಲ್ಲಿ ಜಹರೀಲಾ ಇನ್ಸಾನ್ ಅಂತ ಮಾಡಿದರು. ನಾಯಕ ರಿಷಿ ಕಪೂರ್. ನಿರ್ದೇಶಕ ಬದಲಾಗಲಿಲ್ಲ, ಕಥೆ ಬದಲಾಗಲಿಲ್ಲ. ಚಿತ್ರ ಮಾತ್ರ ನಿಲ್ಲಲಿಲ್ಲ. ಯಾಕೆ? ಚಾಮಯ್ಯ ಮೇಷ್ಟ್ರು ನಮ್ಮೂರ ಶಾಲೆಯಲ್ಲಿ ಇದ್ದರು, ಹಿಂದಿ ಪ್ರೇಕ್ಷಕನ ಊರಿನಲ್ಲಿ ಇರಲಿಲ್ಲ. ನನ್ನ ಲೆಕ್ಕ ಇಷ್ಟೇ.

ಇದಕ್ಕೆ ತದ್ವಿರುದ್ಧವಾದ್ದು ಮಣಿಚಿತ್ರತಾಳ್. 1993ರ ಮಲಯಾಳಂ ಚಿತ್ರ, ನಿರ್ದೇಶಕ ಫಾಜಿಲ್, ಶೋಭನಾಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ. 2004ರಲ್ಲಿ ಪಿ. ವಾಸು ಕನ್ನಡದಲ್ಲಿ ಆಪ್ತಮಿತ್ರ ಮಾಡಿದರು. ಸೌಂದರ್ಯ ನಾಗವಲ್ಲಿಯಾದರು. ಮುಂದಿನ ವರ್ಷ ಅವರೇ ತಮಿಳಿನಲ್ಲಿ ಚಂದ್ರಮುಖಿ, 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ಭೂಲ್ ಭುಲಯ್ಯಾ. ನಾಲ್ಕೂ ಕಡೆ ಗೆದ್ದಿತು. ಹಾಗಾದರೆ ಗೆಲ್ಲೋದು ಸೋಲೋದಕ್ಕೆ ಸೂತ್ರ ಇಲ್ಲ. ಹಾಲಿವುಡ್‌ನಲ್ಲಿ 1998ರಲ್ಲಿ ಗಸ್ ವಾನ್ ಸಾಂಟ್ ಎಂಬ ನಿರ್ದೇಶಕ ಹಿಚ್‌ಕಾಕ್ ಅವರ ಸೈಕೋ ಚಿತ್ರವನ್ನ ಹೆಚ್ಚುಕಮ್ಮಿ ಶಾಟ್‌ಗೆ ಶಾಟ್ ಹಾಗೇ ತೆಗೆದ. ಕ್ಯಾಮೆರಾ ಎಲ್ಲಿತ್ತೋ ಅಲ್ಲೇ. ಆದರೂ ಆ ಭಯ ಬರಲಿಲ್ಲ. ಅಡುಗೆ ಬರೆದುಕೊಂಡು ಮಾಡಿದ ಹಾಗೆ. ಅಮ್ಮನ ಸಾರು ಚೀಟಿ ನೋಡಿ ಬರುತ್ತಾ?

ಈಗ ನಮ್ಮ ಘಟಶ್ರಾದ್ಧಕ್ಕೆ ಬನ್ನಿ. ಯು.ಆರ್. ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, 1977. ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪುನರುಜ್ಜೀವಗೊಂಡ ಪ್ರತಿ ತೋರಿಸಿದರು. ನಾವು ಟಿ.ವಿ.ಯವರು ಅದಕ್ಕೆ ಎಷ್ಟು ನಿಮಿಷ ಕೊಟ್ಟೆವು? ನಾಚಿಕೆ ಆಗುತ್ತೆ, ಬಿಡಿ. ಅದೇ ಕಥೆಯನ್ನ 1991ರಲ್ಲಿ ಅರುಣ್ ಕೌಲ್ ಹಿಂದಿಯಲ್ಲಿ ದೀಕ್ಷಾ ಅಂತ ಮಾಡಿದರು. ಅದಕ್ಕೂ ಅತ್ಯುತ್ತಮ ಹಿಂದಿ ಚಿತ್ರ ರಾಷ್ಟ್ರಪ್ರಶಸ್ತಿ. ಒಂದೇ ಕಥೆ, ಇಬ್ಬರು ನಿರ್ದೇಶಕರು, ಎರಡೂ ಪ್ರಶಸ್ತಿ ಚಿತ್ರ. ಕಾಸರವಳ್ಳಿ ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಲ್ಲಿ ನೋಡ್ತಾರೆ. ಬಸುರಾದ ವಿಧವೆ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡೋದನ್ನ ಆ ಹುಡುಗ ಅರ್ಥವಾಗದೆ ನೋಡ್ತಾನೆ, ಅವನ ಜೊತೆ ನಾವೂ ಅಸಹಾಯಕರಾಗಿ ನೋಡ್ತೀವಿ. ಕೌಲ್ ಅವರ ಚಿತ್ರದಲ್ಲಿ ನಾನಾ ಪಾಟೇಕರ್ ಮಾಡಿದ ಕೋಗ ಎಂಬ ಅಸ್ಪೃಶ್ಯ ಕೂಲಿಯಾಳಿಗೆ ಜಾಗ ದೊಡ್ಡದಾಯಿತು. ಅಗ್ರಹಾರದ ಒಳಗಿದ್ದ ಕಣ್ಣು ಅಗ್ರಹಾರದ ಹೊರಗೆ ಬಂದು ನಿಂತಿತು. ಯಾರು ಸರಿ ಅಂತ ಕೇಳಬೇಡಿ. ಇಬ್ಬರೂ ನಿಂತ ಜಾಗ ಬೇರೆ, ಅಷ್ಟೇ.

ಜಾಗ. ಈ ಶಬ್ದ ನೆನಪಿಟ್ಟುಕೊಳ್ಳಿ.

ಈಗ ನಾನೂ ಆ ಯಜಮಾನರ ಆಟ ಆಡ್ತೀನಿ. ನೀವು ಮನೆಯಲ್ಲಿ ಕೂತು ಆಡಿ.

ಬಂಗಾರದ ಮನುಷ್ಯನನ್ನ ಕಾಸರವಳ್ಳಿಯವರ ಕೈಗೆ ಕೊಡಿ. ಹಾಡು ಹೋಯ್ತು. ಬಂಡೆ ಒಡೆಯೋದು ಇರುತ್ತೆ, ಆದರೆ ಬಂಡೆ ಸುಲಭಕ್ಕೆ ಒಡೆಯೋದಿಲ್ಲ. ರಾಜೀವಪ್ಪ ಸಾಲಕ್ಕೆ ಅಂತ ಬ್ಯಾಂಕಿಗೆ ಹೋಗ್ತಾನೆ, ಒಂದು ಕಾಗದ ಕಮ್ಮಿ ಇದೆ ಅಂತಾರೆ. ಮತ್ತೆ ಹೋಗ್ತಾನೆ, ಸಾಹೇಬರು ರಜಾ ಅಂತಾರೆ. ಸಿದ್ದಲಿಂಗಯ್ಯನವರ ರಾಜೀವ ಕೊನೆಯಲ್ಲಿ ಅವಮಾನ ನುಂಗಿ ಮನೆ ಬಿಟ್ಟು ಹೊರಟಾಗ ಇಡೀ ಥಿಯೇಟರ್ ಅಳುತ್ತೆ. ಕಾಸರವಳ್ಳಿಯವರ ಕ್ಯಾಮೆರಾ ಬಹುಶಃ ರಾಜೀವನ ಹಿಂದೆ ಹೋಗೋದಿಲ್ಲ. ಅವನನ್ನ ಹೋಗಗೊಟ್ಟು ಆ ಮನೆಯಲ್ಲೇ ಉಳಿದ ಅಕ್ಕನ ಮುಖ ನೋಡ್ತಾ ನಿಲ್ಲುತ್ತೆ. ತಮ್ಮನನ್ನ ನಂಬಿ ಬದುಕಿದ ಆ ಹೆಂಗಸಿಗೆ ನಾಳೆ ಬೆಳಿಗ್ಗೆಯಿಂದ ಈ ಮನೆಯಲ್ಲಿ ಯಾವ ಸ್ಥಾನ? ಆ ಪ್ರಶ್ನೆಯನ್ನ ನಾವು ಐವತ್ತಕ್ಕೂ ಹೆಚ್ಚು ವರ್ಷದಿಂದ ಕೇಳೇ ಇಲ್ಲ ನೋಡಿ.

ಈಗ ಉಲ್ಟಾ ಮಾಡೋಣ. ತಬರನ ಕಥೆ. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಕಾಸರವಳ್ಳಿಯವರ 1986ರ ಚಿತ್ರ, ಸ್ವರ್ಣಕಮಲ, ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ. ಪಿಂಚಣಿಗೆ ಅಲೆಯುವ ಮುದುಕ. ಕಾಲು ಕೊಳೆಯುತ್ತಿರುವ ಹೆಂಡತಿ. ಕೊನೆಗೆ ಅವನು ಕಟುಕನ ಹತ್ತಿರ ಹೋಗಿ ಹೆಂಡತಿಯ ಕಾಲು ಕಡಿದುಕೊಡು ಅಂತಾನೆ. ಇದನ್ನ ಸಿದ್ದಲಿಂಗಯ್ಯನವರು ತೆಗೆದಿದ್ದರೆ? ಭೂತಯ್ಯನ ಮಗ ಅಯ್ಯು ನೆನಪು ಮಾಡ್ಕೊಳ್ಳಿ, 1974. ಊರಿಗೆ ಊರೇ ದ್ವೇಷದಲ್ಲಿ ಉರೀತಿರುತ್ತೆ, ಕೊನೆಗೆ ಪ್ರವಾಹ ಬಂದಾಗ ಮನುಷ್ಯ ಮನುಷ್ಯನ ಕೈ ಹಿಡೀತಾನೆ. ಸಿದ್ದಲಿಂಗಯ್ಯನವರಿಗೆ ಊರಿನ ಮೇಲೆ ನಂಬಿಕೆ. ಅವರ ತಬರನ ಪರವಾಗಿ ಊರು ಕಚೇರಿಗೆ ನುಗ್ಗುತ್ತಿತ್ತು. ಗುಮಾಸ್ತ ಬೆವರುತ್ತಿದ್ದ. ಹೆಂಡತಿ ಬದುಕುತ್ತಿದ್ದಳೋ ಏನೋ. ನಾವು ಸಮಾಧಾನವಾಗಿ ಮನೆಗೆ ಹೋಗ್ತಿದ್ದೆವು. ಕಾಸರವಳ್ಳಿಯವರು ನಮ್ಮನ್ನ ಸಮಾಧಾನವಾಗಿ ಮನೆಗೆ ಕಳಿಸಲಿಲ್ಲ. ನನಗೆ ಕೇಳಿದರೆ ಎರಡೂ ಬೇಕು. ಧೈರ್ಯ ಕೊಡೋ ಚಿತ್ರವೂ ಬೇಕು, ನಿದ್ದೆ ಕೆಡಿಸೋ ಚಿತ್ರವೂ ಬೇಕು.

ಇನ್ನೊಂದು. ಸಂಸ್ಕಾರ. 1970, ಪಟ್ಟಾಭಿರಾಮ ರೆಡ್ಡಿ. ಸೆನ್ಸಾರ್‌ನವರು ಮೊದಲು ತಡೆದರು, ಆಮೇಲೆ ಬಿಟ್ಟರು, ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ನಾರಣಪ್ಪ ಸತ್ತಿದ್ದಾನೆ, ಹೆಣ ಯಾರು ಸುಡಬೇಕು ಅಂತ ಅಗ್ರಹಾರ ತಲೆ ಕೆಡಿಸಿಕೊಂಡಿದೆ. ಇಡೀ ಚಿತ್ರ ಪ್ರಾಣೇಶಾಚಾರ್ಯರ ಸಂಕಟ. ಇದನ್ನ ಪ್ರೇಮಾ ಕಾರಂತರು ಮಾಡಿದ್ದರೆ? ಎಂ.ಕೆ. ಇಂದಿರಾ ಅವರ ಫಣಿಯಮ್ಮನನ್ನ 1983ರಲ್ಲಿ ತೆರೆಗೆ ತಂದ ಹೆಣ್ಣುಮಗಳು ಅವರು. ಅವರ ಸಂಸ್ಕಾರ ಚಂದ್ರಿಯ ಕಥೆ ಆಗಿರ್ತಿತ್ತು. ಗಂಡಸರೆಲ್ಲ ಶಾಸ್ತ್ರ ಹುಡುಕ್ತಾ ಕೂತಿದ್ದಾಗ ತನ್ನ ಒಡವೆ ಬಿಚ್ಚಿ ಮುಂದಿಟ್ಟವಳು ಅವಳು. ಕೊನೆಗೆ ಕತ್ತಲಲ್ಲಿ ಹೆಣ ಸುಡಿಸಿ ಹೊರಟವಳೂ ಅವಳೇ. ಅಗ್ರಹಾರಕ್ಕೆ ಗೊತ್ತೇ ಆಗಲಿಲ್ಲ! ಚಂದ್ರಿ ಎಲ್ಲಿ ಹೋದಳು, ಆಮೇಲೆ ಏನಾದಳು, ಆ ಚಿತ್ರ ಇನ್ನೂ ಬಂದಿಲ್ಲ. ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರು ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಅದೂ ಒಂದು ಸಿನಿಮಾನೇ.

ಈಗ ಪಾವಗಡಕ್ಕೆ ಬರ್ತೀನಿ. ಯಾಕಂದ್ರೆ ಪ್ರಶ್ನೆ ಕೇಳಿದ ಯಜಮಾನರಿಗೆ ಉತ್ತರ ಕೊಡಬೇಕಲ್ಲ.

1982ರಲ್ಲಿ ಎಂ.ಎಸ್. ಸತ್ಯು ಅವರು ಬರ ಅಂತ ಚಿತ್ರ ಮಾಡಿದರು. ಇದೂ ಅನಂತಮೂರ್ತಿಯವರ ಕಥೆ. ಅನಂತ್‌ನಾಗ್ ಜಿಲ್ಲಾಧಿಕಾರಿ. ತನ್ನ ಜಿಲ್ಲೆಯನ್ನ ಬರಪೀಡಿತ ಅಂತ ಘೋಷಣೆ ಮಾಡಿಸೋಕೆ ಆ ಪ್ರಾಮಾಣಿಕ ಅಧಿಕಾರಿ ಪಡುವ ಪಾಡು, ಅದರ ಸುತ್ತ ರಾಜಕಾರಣಿಗಳ ಆಟ. ಸತ್ಯು ಅವರೇ ಅದನ್ನ ಹಿಂದಿಯಲ್ಲಿ ಸೂಖಾ ಅಂತ ಮಾಡಿದರು, ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ಒಬ್ಬ ಅಧಿಕಾರಿಯ ಕಣ್ಣಲ್ಲಿ ಬರ. ಒಳ್ಳೆ ಚಿತ್ರ. ಈಗ ನಲವತ್ತು ವರ್ಷ ಆದ ಮೇಲೆ ನೋಡಿ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಪರಿಹಾರಕ್ಕಾಗಿ ರಾಜ್ಯ ಸರ್ಕಾರ ಕೇಂದ್ರದ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಯಾರು ಸರಿ ಅನ್ನೋ ಚರ್ಚೆಯನ್ನ ಇದೇ ಸ್ಟುಡಿಯೋದಲ್ಲಿ ಎಷ್ಟು ರಾತ್ರಿ ಮಾಡಿದ್ದೀವಿ, ಇವತ್ತು ಬೇಡ. ನಾನು ಹೇಳೋದು, ಸತ್ಯು ಅವರ ಬರ ಹಳೇದಾಗಲಿಲ್ಲ. ಆದರೆ ಅದನ್ನ ಈಗ ಮತ್ತೆ ತೆಗೆಯೋರು ಜಿಲ್ಲಾಧಿಕಾರಿಯ ಜೀಪಿನಲ್ಲಿ ಕೂರಬೇಕಾಗಿಲ್ಲ. ಪಾವಗಡದ ಒಂದು ಹೆಣ್ಣುಮಗಳ ಜೊತೆ ಕೊಡ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಸಾಲಿನಲ್ಲಿ ನಿಲ್ಲಲಿ. ಮನೆ ಮುಂದಿನ ಬೋರಿನ ನೀರಲ್ಲಿ ಫ್ಲೋರೈಡ್. ಕುಡಿದರೆ ಹಲ್ಲು ಕಂದು, ಮಂಡಿ ಬಿಗಿ. ನೀರಿದ್ದೂ ಕುಡಿಯೋಕಾಗದ ಬರ ಅದು. ಆ ಬರದ ಚಿತ್ರ ಯಾರು ತೆಗೆದಿದ್ದಾರೆ?

ಮತ್ತೊಂದು ಕಾಸರವಳ್ಳಿ ಚಿತ್ರ ದ್ವೀಪ. ನಾ. ಡಿಸೋಜ ಅವರ ಕಾದಂಬರಿ, 2002ರಲ್ಲಿ ತೆರೆಗೆ ಬಂತು, ಸೌಂದರ್ಯ ಅವರೇ ನಿರ್ಮಾಪಕಿ, ಅದಕ್ಕೂ ಸ್ವರ್ಣಕಮಲ. ಅಣೆಕಟ್ಟಿನ ಹಿನ್ನೀರು ಏರುತ್ತೆ, ಒಂದು ಸಂಸಾರ ಸುತ್ತ ನೀರಿನ ನಡುವೆ ಒಂಟಿಯಾಗುತ್ತೆ. ಇದನ್ನ ಪಾವಗಡಕ್ಕೆ ತಂದರೆ? ನೀರೆಲ್ಲಿ ಇದೆ ಸ್ವಾಮಿ ಅಂತೀರಾ. ಬಿಸಿಲಿದೆಯಲ್ಲ! ತಿರುಮಣಿ ಕಡೆ ಹೋಗಿ ನೋಡಿ. 2018ರಲ್ಲಿ ಶುರುವಾದ ಸೋಲಾರ್ ಪಾರ್ಕ್, ಐದು ಹಳ್ಳಿಗಳ ಸುಮಾರು 13,000 ಎಕರೆ, ಎರಡು ಸಾವಿರ ಮೆಗಾವಾಟ್. ಕಣ್ಣು ಹಾಯಿಸಿದಷ್ಟು ದೂರ ನೀಲಿ ಹಲಗೆ. ದೂರದಿಂದ ಕೆರೆ ತುಂಬಿದ ಹಾಗೇ ಕಾಣುತ್ತೆ. ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಅಂತ ಶುರುವಾಯಿತು. ಮಳೆ ನಂಬಿ ಕಡಲೆಕಾಯಿ ಹಾಕಿ ಕೈ ಸುಟ್ಟುಕೊಂಡವರಿಗೆ ಇದು ಖಾತ್ರಿ ದುಡ್ಡು. ಬೇಡ ಅನ್ನೋಕೆ ನಾವ್ಯಾರು? ಆದರೆ ಜಮೀನೇ ಇಲ್ಲದೆ ಬೇರೆಯವರ ಹೊಲದಲ್ಲಿ ಕೂಲಿ ಮಾಡ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಹೊಲವೂ ಇಲ್ಲ. ಕುರಿ ಮೇಯಿಸೋರಿಗೆ ಬೇಲಿ. ಅವರ ಮನೆಗಳು ಈಗ ಆ ನೀಲಿ ಹಲಗೆಗಳ ನಡುವೆ ದ್ವೀಪ. ಅದೇ ಕಥೆ, ನೀರಿನ ಬದಲು ಬಿಸಿಲು.

ನಮ್ಮ ಬಂಗಾರದ ಮನುಷ್ಯ ಈಗ ಬಂದರೆ ಅಲ್ಲಿ ಏನು ಮಾಡ್ತಾನೆ? ಬೋರು ಕೊರೆಸಿ ಸಾಲಗಾರ ಆಗ್ತಾನಾ? ಜಮೀನು ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕೆ ಹೋಗ್ತಾನಾ? ಅಥವಾ ತನ್ನದಲ್ಲದ ಹೊಲದ ಬೇಲಿ ಆಚೆ ನಿಂತು ಹಲಗೆ ತೊಳೆಯೋ ಕೆಲಸ ಕೇಳ್ತಾನಾ? ಈ ಮೂವರೂ ಆ ಕಡೆ ಇದ್ದಾರೆ. ಮೂರು ಸಿನಿಮಾ.

ವೀಕ್ಷಕರೇ, ಇದನ್ನ ಯಾರು ತೆಗೀಬೇಕು ಅನ್ನೋದೇ ನನ್ನ ಮಾತಿನ ತಿರುಳು. ಕಾಂತಾರ ಯಾಕೆ ಗೆದ್ದಿತು? ರಿಷಬ್ ಅವರು ತಮ್ಮ ಊರು ಕೆರಾಡಿಗೇ ಕ್ಯಾಮೆರಾ ತಗೊಂಡು ಹೋದರು. ತಿಥಿ ನೆನಪಿದೆಯಾ? ಮಂಡ್ಯದ ನೊದೆಕೊಪ್ಪಲು, ಊರಿನವರೇ ನಟರು. ನಿರ್ದೇಶಕ ರಾಮ್ ರೆಡ್ಡಿ ನಗರದವರು, ಆದರೆ ಕಥೆ ಬರೆಯೋಕೆ ಆ ಮಣ್ಣಿನ ಈರೇಗೌಡರು ಜೊತೆಗಿದ್ದರು. ಲೊಕಾರ್ನೊದಲ್ಲಿ ಪ್ರಶಸ್ತಿ ಬಂತು, ಇಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಶಿರಾ ಸೀಮೆ ಸಿದ್ದಲಿಂಗಯ್ಯನವರನ್ನ ಕೊಟ್ಟಿದೆ. ಅದೇ ಶಿರಾ ತಾಲ್ಲೂಕಿನ ಬರಗೂರು, ಬರಗೂರು ರಾಮಚಂದ್ರಪ್ಪನವರನ್ನ ಕೊಟ್ಟಿದೆ. ಅವರು ಸಾಹಿತಿಯೂ ಹೌದು, ನಿರ್ದೇಶಕರೂ ಹೌದು. ಮೂರನೆಯವರು ಎಲ್ಲಿ? ಮಧುಗಿರಿಯ ಯಾವುದೋ ಕಾಲೇಜಿನಲ್ಲಿ ಮೊಬೈಲ್ ಹಿಡಿದು ರೀಲ್ಸ್ ಮಾಡ್ತಾ ಕೂತಿರಬಹುದು. ಆ ಹುಡುಗನಿಗೆ, ಆ ಹುಡುಗಿಗೆ ಒಂದು ಮಾತು. ಈ ಹಳೇ ಚಿತ್ರಗಳನ್ನ ನೋಡಿ. ನೋಡಿ ಕಾಪಿ ಹೊಡೀಬೇಡಿ. ಕ್ಯಾಮೆರಾ ಎಲ್ಲಿತ್ತು ಅಂತ ನೋಡಿ. ಅದು ಯಾರ ಮನೆ ಬಾಗಿಲಿಗೆ ಹೋಗಲಿಲ್ಲವೋ ಆ ಮನೆ ಬಾಗಿಲಿಗೆ ನೀವು ಹೋಗಿ.

ಕೊನೆಯ ಮಾತು ನನಗೇ ಹೇಳಿಕೊಳ್ಳಬೇಕಾದ್ದು. ಒಂದೇ ಕಥೆ, ಬೇರೆ ಬೇರೆ ನಿರ್ದೇಶಕರು ಅಂದ್ನಲ್ಲ, ಅದನ್ನ ದಿನಾ ಮಾಡೋರು ನಾವೇ. ಒಂದು ಘಟನೆ ನಡೆಯುತ್ತೆ. ಎಲ್ಲ ಚಾನೆಲ್‌ನಲ್ಲೂ ಅದೇ ಘಟನೆ. ಒಬ್ಬರಲ್ಲಿ ಅದು ಜಾತಿ ಕಥೆ, ಇನ್ನೊಬ್ಬರಲ್ಲಿ ಪ್ರೇಮ ಕಥೆ, ಮತ್ತೊಬ್ಬರಲ್ಲಿ ರಾಜಕೀಯ ಥ್ರಿಲ್ಲರ್. ಹಿನ್ನೆಲೆ ಸಂಗೀತ ಬೇರೆ. ಸಿನಿಮಾ ನಿರ್ದೇಶಕ ಇದು ನನ್ನ ಕಲ್ಪನೆ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಳ್ತಾನೆ. ನಾವು ಇದೇ ಸತ್ಯ ಅಂತೀವಿ. ಬರ ಬಂದಾಗ ನಾವು ಬಿರುಕು ಬಿಟ್ಟ ಕೆರೆ ತೋರಿಸ್ತೀವಿ, ಮಂತ್ರಿಗಳ ಬೈಟ್ ತೋರಿಸ್ತೀವಿ. ಕೊಡ ಹಿಡಿದು ನಿಂತವಳನ್ನ ಹತ್ತು ಸೆಕೆಂಡ್ ತೋರಿಸಿ ಬ್ರೇಕ್‌ಗೆ ಹೋಗ್ತೀವಿ. ಅವಳ ಹೆಸರು ಕೇಳೋದಿಲ್ಲ.

ಟೀ ಅಂಗಡಿಯ ಯಜಮಾನರಿಗೆ ಹೊರಡುವಾಗ ನಾನು ಕೇಳಿದೆ, ಯಜಮಾನ್ರೇ, ನೀವೇ ತೆಗೆದರೆ ರಾಜೀವಪ್ಪನನ್ನ ಏನು ಮಾಡ್ತೀರಿ? ಅವರು ಟೀ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಮನೆ ಬಿಟ್ಟು ಹೋದ್ನಲ್ಲ ಸಾ, ವಾಪಸ್ ಕರ್ಕೊಂಡ್ ಬರ್ತೀನಿ. ನನ್ನ ಮಗನೂ ಹೋಗಿ ನಾಲ್ಕು ವರ್ಷ ಆಯ್ತು. ಫೋನ್ ಮಾಡ್ತಾನೆ. ಮಳೆ ಬಂತಾ ಅಂತ ಕೇಳ್ತಾನೆ."

ಆ ಮೇಲೆ ಯಾರೂ ನಗಲಿಲ್ಲ.